ಅಳೆಯುವ ಕಣ್ಣು, ತಿದ್ದುವ ಕೈ

ಹತ್ತನೆಯ ತರಗತಿಯ ಫಲಿತಾಂಶಗಳು ಹೊರಬಿದ್ದೊಡನೆ, ಮಗನನ್ನಾಗಲಿ ಮಗಳನ್ನಾಗಲಿ ಮುಂದೆ ಯಾವ ಓದಿಗೆ ಹಚ್ಚಬೇಕೆಂಬ ಚಿಂತೆಯು ಗೃಹಸ್ಥರ ಮನೆಗಳಲ್ಲಿ ತಲೆಯೆತ್ತುವುದು ವರ್ಷವರ್ಷವೂ ಇದ್ದದ್ದೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನು ಶಿಕ್ಷಣ ಇಲಾಖೆಯವರು ಒಟ್ಟುಗೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆದಿರುವರಷ್ಟೆ. ಸಿದ್ದರಬೆಟ್ಟದ ತಪ್ಪಲಿನಿಂದ ಮೊದಲುಗೊಂಡು, ಆಂಧ್ರದ ನೆಲವು ಮೂರು ಕಡೆಗಳಿಂದಲೂ ಸುತ್ತುವರಿದಿರುವ ಪಾವಗಡದವರೆಗೆ ಹಬ್ಬಿರುವ ಈ ಸೀಮೆಯು ಮಳೆಯ ದಯೆ ಕಡಮೆಯಾಗಿರುವಂಥದು. ಕಡಲೆಕಾಯಿಯ ಬೆಳೆಯನ್ನೂ ಕೊಳವೆ ಬಾವಿಯನ್ನೂ ನೆಚ್ಚಿಕೊಂಡು ದಿನ ನೂಕುವಂಥದು. ಇಲ್ಲಿಯ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ವಿದ್ಯೆಯನ್ನು ಕುರಿತು ಈ ತಿಂಗಳು ಬರೆಯಬೇಕೆಂದಿದ್ದೇವೆ. ಅಳತೆಯ ಉಪಕರಣಗಳ ವಿದ್ಯೆ, ಹತೋಟಿಯ ವಿದ್ಯೆ ಎಂದು ಅದನ್ನು ಕರೆಯಬಹುದು. ವಿದ್ಯಾಶಾಲೆಗಳಲ್ಲಿ ಅದಕ್ಕೆ ಇನ್‌ಸ್ಟ್ರುಮೆಂಟೇಷನ್ ಎಂದೂ ಕಂಟ್ರೋಲ್ ಎಂದೂ ಹೆಸರು. ವಿದ್ಯುಚ್ಛಕ್ತಿಯ ವ್ಯವಹಾರದಲ್ಲಿ ಇದರ ಮೊದಲ ಪಾಠಗಳೇನೆಂಬುದನ್ನು ಗಣಿತವಿಲ್ಲದೆ ಹೇಳಲು ಯತ್ನಿಸುವೆವು.

ಈ ಸೀಮೆಗೆ ಇದು ವಿಶೇಷ ಸಂಬಂಧವುಳ್ಳದ್ದೆಂದು ನಾವೇಕೆ ಹೇಳಿದೆವು? ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಗ್ರಾಮಗಳ ಸುಮಾರು ೧೩,೦೦೦ ಎಕರೆ ನೆಲದ ಮೇಲೆ ಈಗ ಬಿಸಿಲಿನಿಂದ ವಿದ್ಯುತ್ತನ್ನು ಉತ್ಪತ್ತಿ ಮಾಡುವ ಮಹಾಸ್ಥಾವರವೊಂದು ಹರಡಿಕೊಂಡಿದೆ. ೨೦೧೮ನೆಯ ಮಾರ್ಚಿ ೧ರಂದು ಅದರ ಮೊದಲ ಹಂತವು ಉದ್ಘಾಟಿತವಾಯಿತು. ೨೦೧೯ನೆಯ ಡಿಸೆಂಬರಿನಲ್ಲಿ ೨,೦೫೦ ಮೆಗಾವಾಟ್‌ಗಳ ಪೂರ್ಣ ಪ್ರಮಾಣಕ್ಕೆ ಮುಟ್ಟಿತು. ಇದು ಎಷ್ಟೆಂದು ತಿಳಿಯಬೇಕಾದರೆ, ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನೂ ಒಟ್ಟು ಸೇರಿಸಿದರೆ ೧,೦೩೫ ಮೆಗಾವಾಟ್ ಎಂಬುದನ್ನು ನೆನೆದರೆ ಸಾಕು. ಒಳ್ಳೆಯ ಬಿಸಿಲಿನ ಮಧ್ಯಾಹ್ನದಲ್ಲಿ ಪಾವಗಡದ ಬಲವು ಶರಾವತಿಯ ಬಲದ ಸುಮಾರು ಎರಡರಷ್ಟು; ರಾತ್ರಿಯಲ್ಲಿ ಸೊನ್ನೆ. ಈ ಎರಡು ಮಾತುಗಳನ್ನು ವಾಚಕರು ಮರೆಯಬಾರದು. ನಮ್ಮ ವಿಷಯವೆಲ್ಲವೂ ಇವುಗಳ ನಡುವೆಯೇ ಇರುವುದು.

ಈ ನೆಲವನ್ನು ರೈತರಿಂದ ಕ್ರಯಕ್ಕೆ ಕೊಂಡುದಲ್ಲ, ೨೮ ವರ್ಷಗಳ ಗುತ್ತಿಗೆಗೆ ಪಡೆದುದು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಗಳೆಂದೂ, ಎರಡು ವರ್ಷಗಳಿಗೊಮ್ಮೆ ನೂರಕ್ಕೆ ಐದರಂತೆ ಏರತಕ್ಕದ್ದೆಂದೂ ಗೊತ್ತುಮಾಡಿ ಆರಂಭಿಸಿದರು. ಮಳೆಯನ್ನು ನಂಬಿ ಕೆಟ್ಟ ಹೊಲಕ್ಕೆ ಇದು ಆಧಾರವೆಂಬುದು ನಿಜ. ಆದರೆ ನೆಲವಿಲ್ಲದೆ ಕೂಲಿಯಿಂದ ಬದುಕುತ್ತಿದ್ದವರಿಗೂ, ಬೀಳುಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಈ ಗುತ್ತಿಗೆಯ ಹಣದಲ್ಲಿ ಪಾಲೆಲ್ಲಿಯದು? ಅಂಥವರಿಗೂ ಗ್ರಾಮದ ಇತರರಿಗೂ ಸ್ಥಾವರದೊಳಗೆ ಹೆಚ್ಚಾಗಿ ದೊರೆತ ಕೆಲಸಗಳೆಂದರೆ ಹುಲ್ಲು ಕೀಳುವುದು, ಗಾಜಿನ ಹಲಗೆಗಳನ್ನು ತೊಳೆಯುವುದು, ಕಾವಲು ಕಾಯುವುದು. ಇವು ಹೀನವಾದ ಕೆಲಸಗಳೆಂದು ನಾವು ಹೇಳುವುದಿಲ್ಲ. ಹಲಗೆಯ ಧೂಳು ಎಷ್ಟು ನಷ್ಟವನ್ನುಂಟುಮಾಡುವುದೆಂಬುದನ್ನು ಮುಂದೆ ನೋಡುವೆವು. ಆದರೆ ಅದೇ ಬೇಲಿಯೊಳಗೆ ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವ, ಅವುಗಳ ಮಾತನ್ನು ಓದಿ ಯಂತ್ರಕ್ಕೆ ಅಪ್ಪಣೆ ಕೊಡುವ ಕೆಲಸಗಳೂ ಇರುವವು. ಅವು ಆ ಭಾಷೆಯನ್ನು ಕಲಿತು ಬಂದವರ ಪಾಲಿಗೆ ಹೋಗುವವು. ನೆಲ ಕೊಟ್ಟವರ ಮನೆಯ, ಕೂಲಿ ಕಳೆದುಕೊಂಡವರ ಮನೆಯ ಮಕ್ಕಳು ಆ ಭಾಷೆಯನ್ನು ಕಲಿಯುವರೇ ಇಲ್ಲವೇ ಎಂಬುದು, ೨೮ ವರ್ಷಗಳ ಗುತ್ತಿಗೆಯಲ್ಲಿ ಈಗಾಗಲೇ ಕೆಲವು ವರ್ಷಗಳು ಸಂದುಹೋಗಿರುವಾಗ, ಸಾವಕಾಶವಾಗಿ ಯೋಚಿಸತಕ್ಕ ಪ್ರಶ್ನೆಯಲ್ಲ.

ಇನ್ನು ಪಾಠಕ್ಕೆ ಬರೋಣ. ಮನೆಯಲ್ಲಿ ಎರಡು ವಸ್ತುಗಳನ್ನು ಎದುರಿಗಿಟ್ಟುಕೊಳ್ಳಿರಿ: ತಲೆಯ ಮೇಲೆ ತಿರುಗುವ ಫ್ಯಾನು, ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆ. ಫ್ಯಾನಿನ ರೆಗ್ಯುಲೇಟರನ್ನು ಮೂರಕ್ಕೆ ತಿರುಗಿಸಿ ಮಲಗಿದರೆ, ನಡುರಾತ್ರಿಯಲ್ಲಿ ಮಳೆ ಬಂದು ಕೋಣೆಯೆಲ್ಲ ತಣ್ಣಗಾದರೂ ಫ್ಯಾನು ಮೂರರಲ್ಲಿಯೇ ತಿರುಗುತ್ತಿರುವುದು. ಕೋಣೆಯ ಸೆಕೆಯೆಷ್ಟೆಂಬುದನ್ನು ಅದು ಕೇಳುವುದೂ ಇಲ್ಲ, ಅರಿಯುವುದೂ ಇಲ್ಲ. ಇಸ್ತ್ರಿಪೆಟ್ಟಿಗೆಯ ರೀತಿಯೇ ಬೇರೆ. ಅದರೊಳಗೆ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಮಾಡಿದ ಒಂದು ಸಣ್ಣ ಪಟ್ಟಿಯಿದೆ. ಕಾದಾಗ ಒಂದು ಲೋಹವು ಹೆಚ್ಚಾಗಿಯೂ ಇನ್ನೊಂದು ಕಡಮೆಯಾಗಿಯೂ ಹಿಗ್ಗುವುದರಿಂದ ಪಟ್ಟಿಯು ಬಾಗುವುದು; ಬಾಗಿದಾಗ ಕರೆಂಟಿನ ದಾರಿ ಕಡಿದುಹೋಗುವುದು; ಪೆಟ್ಟಿಗೆ ಆರಿದಂತೆ ಪಟ್ಟಿಯು ಮತ್ತೆ ನೆಟ್ಟಗಾಗಿ ದಾರಿಯನ್ನು ಕೂಡಿಸುವುದು. ಪೆಟ್ಟಿಗೆಯ ಮೇಲಿನ ಪುಟ್ಟ ದೀಪವು ಹತ್ತುವುದೂ ಆರುವುದೂ ಇದರಿಂದಲೇ. ಇಲ್ಲಿ ಮೂರು ಕಾರ್ಯಗಳು ನಡೆದುವು. ಕಾವನ್ನು ಅಳೆದದ್ದು ಒಂದು. ನಾವು ಬಯಸಿದ ಕಾವಿನೊಡನೆ ಅದನ್ನು ಹೋಲಿಸಿದ್ದು ಎರಡು. ಹೆಚ್ಚುಕಡಮೆಯನ್ನು ತಿದ್ದಿದ್ದು ಮೂರು. ತಿದ್ದಿದ್ದರ ಫಲವನ್ನು ಮತ್ತೆ ಅಳೆಯುವುದರಿಂದ ಈ ಕೆಲಸವು ಗಾಣದ ಎತ್ತಿನಂತೆ ಸುತ್ತಿ ಸುತ್ತಿ ಬರುವುದು. ಈ ಸುತ್ತಿಗೆ ಮುಚ್ಚಿದ ಸುತ್ತು ಎಂದು ಹೆಸರು. ಶರಾವತಿಯ ಮಹಾಚಕ್ರವೂ ಇಸ್ತ್ರಿಪೆಟ್ಟಿಗೆಯೂ ಇದರಲ್ಲಿ ಒಂದೇ ಕುಲದವು.

ಸುತ್ತು ಇದ್ದಮಾತ್ರಕ್ಕೆ ಕೆಲಸ ಸುಸೂತ್ರವಾಗಿ ಆಗುವುದೆಂದು ತಿಳಿಯಬಾರದು. ಬಚ್ಚಲಿನಲ್ಲಿ ಬಿಸಿನೀರಿನ ನಲ್ಲಿಯನ್ನೂ ತಣ್ಣೀರಿನ ನಲ್ಲಿಯನ್ನೂ ಕೂಡಿಸಿ ಹದ ಮಾಡಿಕೊಳ್ಳುವವರ ಪಾಡನ್ನು ನೋಡಿರಿ. ನೀರು ತಣ್ಣಗಿದೆಯೆಂದು ಬಿಸಿಯ ನಲ್ಲಿಯನ್ನು ತಿರುಗಿಸುವರು, ಮಾಳಿಗೆಯ ಮೇಲಿಂದ ಬಿಸಿನೀರು ಇಳಿದುಬರುವುದಕ್ಕೆ ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ತಾಳ್ಮೆಗೆಟ್ಟು ಇನ್ನಷ್ಟು ತಿರುಗಿಸುವರು, ಒಮ್ಮೆಲೇ ಸುಡುನೀರು ಬೀಳುವುದು, ಹೌಹಾರಿ ಪೂರ್ತಿ ಮುಚ್ಚುವರು, ಮತ್ತೆ ತಣ್ಣೀರು. ನಲ್ಲಿಯಲ್ಲಿ ದೋಷವಿಲ್ಲ, ಕೈಯಲ್ಲಿ ದೋಷವಿಲ್ಲ. ಸುದ್ದಿಯು ತಡವಾಗಿ ಬರುತ್ತಿರುವಾಗ ತಿದ್ದುವಿಕೆಯನ್ನು ಅವಸರವಾಗಿಯೂ ಬಲವಾಗಿಯೂ ಮಾಡಿದ್ದೇ ದೋಷ. ಇಂಥ ಓಲಾಟವು ವಿದ್ಯುದ್ಯಂತ್ರಗಳಲ್ಲಿಯೂ ಹುಟ್ಟುವುದುಂಟು. ಹುಟ್ಟಿದರೆ ಚಕ್ರಗಳೇ ಮುರಿಯುವ ಭಯವುಂಟು. ಈ ವಿದ್ಯೆಯಲ್ಲಿ ಅರ್ಧಪಾಲು, ತಿದ್ದುವುದು ಹೇಗೆಂಬುದಲ್ಲ, ಎಷ್ಟು ಮೃದುವಾಗಿ ತಿದ್ದಬೇಕೆಂಬುದು.

ಹಾಗಾದರೆ ವಿದ್ಯುಚ್ಛಕ್ತಿಯಲ್ಲಿ ಅಳೆಯತಕ್ಕದ್ದು ಯಾವುದು? ರಾಗಿಯನ್ನು ಕಣಜದಲ್ಲಿ ತುಂಬಿಡುವಂತೆ ಇದನ್ನು ದೊಡ್ಡ ಮೊತ್ತದಲ್ಲಿ ತುಂಬಿಡುವುದು ಸುಲಭವಲ್ಲ. ಬ್ಯಾಟರಿಗಳು ಈಗ ಬಳಕೆಗೆ ಬರುತ್ತಿದ್ದರೂ, ನಾಡಿನ ಬೇಡಿಕೆಯ ಬಹುಭಾಗವು ಆ ಕ್ಷಣದಲ್ಲಿ ಹುಟ್ಟಿದ ವಿದ್ಯುತ್ತಿನಿಂದಲೇ ಆ ಕ್ಷಣದಲ್ಲಿ ತೀರಬೇಕು. ಕೊರಟಗೆರೆಯಲ್ಲಿ ಒಬ್ಬ ಗೃಹಿಣಿಯು ಮಿಕ್ಸಿಯ ಗುಂಡಿಯನ್ನು ತಿರುಗಿಸಿದರೆ, ಎಲ್ಲಿಯೋ ಒಂದು ಚಕ್ರವು ಅಷ್ಟು ಹೆಚ್ಚಾಗಿ ದುಡಿಯಲೇಬೇಕು. ದುಡಿಮೆಯೂ ಬೇಡಿಕೆಯೂ ಸರಿದೂಗುತ್ತಿವೆಯೇ ಎಂಬುದನ್ನು ತಿಳಿಸುವ ಒಂದು ಸೂಚನೆಯಿದೆ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ ೫೦ ಸಲ ಹಿಂದಕ್ಕೂ ಮುಂದಕ್ಕೂ ತುಯ್ದಾಡುವಂಥದು. ಇದಕ್ಕೆ ಆವರ್ತನವೆಂದು ಹೆಸರು, ಕೆಲಸಗಾರರು ಫ್ರೀಕ್ವೆನ್ಸಿ ಎನ್ನುವರು. ಈ ತುಯ್ದಾಟವು ವಿದ್ಯುದ್ಯಂತ್ರದ ಚಕ್ರದ ಸುತ್ತಿಗೆ ಬಿಗಿದುಕೊಂಡಿದೆ. ಹತ್ತು ಜೊತೆ ಧ್ರುವಗಳುಳ್ಳ ಯಂತ್ರವಾದರೆ ನಿಮಿಷಕ್ಕೆ ಸರಿಯಾಗಿ ೩೦೦ ಸುತ್ತು ತಿರುಗಿದಾಗ ೫೦ ಬರುವುದು. ಗಾಡಿಯ ಮೇಲೆ ಹೊರೆ ಹೆಚ್ಚಿದರೆ ಎತ್ತುಗಳ ನಡಿಗೆ ನಿಧಾನವಾಗುವಂತೆ, ಬೇಡಿಕೆ ಹೆಚ್ಚಿದರೆ ಚಕ್ರಗಳ ವೇಗ ಕುಗ್ಗಿ ಆವರ್ತನವು ೫೦ಕ್ಕಿಂತ ಇಳಿಯುವುದು. ಬೇಡಿಕೆ ಕುಗ್ಗಿದರೆ ಏರುವುದು. ನಾಡಿಯನ್ನು ಹಿಡಿದು ಒಡಲನ್ನು ಅರಿಯುವ ವೈದ್ಯನಂತೆ, ಈ ಒಂದು ಅಂಕವನ್ನು ನೋಡಿ ಇಡೀ ದೇಶದ ವಿದ್ಯುಜ್ಜಾಲದ ಆರೋಗ್ಯವನ್ನು ಹೇಳಬಹುದು. ನಮ್ಮ ದೇಶದ ನಿಯಮದ ಪ್ರಕಾರ ಅದು ೪೯.೯೦ರಿಂದ ೫೦.೦೫ರ ಒಳಗೆ ಇರತಕ್ಕದ್ದು.

ಚಕ್ರದ ವೇಗವನ್ನು ತಾನಾಗಿ ತಿದ್ದುವ ಉಪಕರಣಕ್ಕೆ ಗವರ್ನರ್ ಎನ್ನುವರು. ೧೭೮೮ರಲ್ಲಿ ಜೇಮ್ಸ್ ವ್ಯಾಟನು ಹಬೆಯ ಯಂತ್ರಕ್ಕೆ ಇದನ್ನು ಅಳವಡಿಸಿದನು. ತಿರುಗುವ ಕಂಬಕ್ಕೆ ಎರಡು ತೋಳುಗಳಲ್ಲಿ ಎರಡು ಕಬ್ಬಿಣದ ಗುಂಡುಗಳು. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಹಾರಿ, ಹಬೆಯ ಬಾಗಿಲನ್ನು ಸ್ವಲ್ಪ ಮುಚ್ಚುವುವು. ವೇಗ ತಗ್ಗಿದರೆ ಒಳಕ್ಕೆ ಸರಿದು ಬಾಗಿಲನ್ನು ತೆರೆಯುವುವು. ಕಣ್ಣೂ ಕೈಯೂ ಒಂದೇ ಒಡಲಿನಲ್ಲಿ! ಈ ಗುಂಡುಗಳು ಕೆಲವೊಮ್ಮೆ ಹುಚ್ಚುಹುಚ್ಚಾಗಿ ಓಲಾಡುವುದೇಕೆಂಬುದನ್ನು ೧೮೬೮ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ಪಂಡಿತನು ಗಣಿತದಿಂದ ವಿವರಿಸಿದನು. ಹತೋಟಿಯ ಶಾಸ್ತ್ರವು ಅಲ್ಲಿಂದ ಶಾಸ್ತ್ರವೆನಿಸಿಕೊಂಡಿತೆನ್ನಬಹುದು. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗ ನಮ್ಮ ನಾಡಿನ ಎದುರಿಗೂ ಇದೇ ಪ್ರಶ್ನೆಯು ಬಂದು ನಿಂತಿತು: ಗಣಿಯಲ್ಲಿ ಹೊರೆ ಏರಿಳಿದಂತೆ ನದಿಯ ನೀರನ್ನು ಏರಿಳಿಸಬೇಕು. ಈಗಿನ ಜಲವಿದ್ಯುದಾಗಾರಗಳಲ್ಲಿ ಗುಂಡುಗಳ ಬದಲು ವಿದ್ಯುತ್ ಕಣ್ಣುಗಳು ವೇಗವನ್ನು ಅಳೆಯುವುವು, ಎಣ್ಣೆಯ ಒತ್ತಡದಿಂದ ನಡೆಯುವ ತೋಳುಗಳು ನೀರಿನ ಬಾಯನ್ನು ಹಿಗ್ಗಿಸಿ ಕುಗ್ಗಿಸುವುವು. ತತ್ತ್ವವು ವ್ಯಾಟನದೇ.

ತಿದ್ದುವಾಗ ಎಷ್ಟು ತಿದ್ದಬೇಕೆಂಬುದಕ್ಕೆ ಮೂರು ಗುರುತುಗಳನ್ನು ನೋಡುವ ಪದ್ಧತಿಯಿದೆ. ವಿದ್ಯಾರ್ಥಿಗಳು ಪಿ, ಐ, ಡಿ ಎಂಬ ಮೂರು ಅಕ್ಷರಗಳನ್ನು ಉರುಹೊಡೆದು ಹೆದರುವುದುಂಟು. ಸಂಸಾರ ನಡೆಸುವವರಿಗೆ ಇದು ಹೊಸದೇ ಅಲ್ಲ. ಈ ತಿಂಗಳು ಖರ್ಚಿಗೆ ಎಷ್ಟು ಕೊರತೆಯಿದೆ? ಇದು ಮೊದಲನೆಯದು. ಹಿಂದಿನ ತಿಂಗಳುಗಳಿಂದ ದಿನಸಿ ಅಂಗಡಿಯಲ್ಲಿ ಕೂಡಿಬಂದ ಬಾಕಿಯೆಷ್ಟು? ಇದು ಎರಡನೆಯದು. ಖರ್ಚು ಏರುತ್ತಿರುವ ವೇಗವೆಷ್ಟು, ಹೀಗೆಯೇ ಹೋದರೆ ಯುಗಾದಿಯ ಹೊತ್ತಿಗೆ ಎಲ್ಲಿಗೆ ಮುಟ್ಟೀತು? ಇದು ಮೂರನೆಯದು. ಜಾಣೆಯಾದ ಗೃಹಿಣಿಯು ಮೂರನ್ನೂ ತೂಗಿ ಕೈ ಬಿಗಿಹಿಡಿಯುವಳು. ಮೊದಲನೆಯದನ್ನು ಮಾತ್ರ ನೋಡಿದರೆ ಹಳೆಯ ಬಾಕಿಯು ಸದಾ ಸ್ವಲ್ಪ ಉಳಿದೇ ಇರುವುದು. ಎರಡನೆಯದಕ್ಕೆ ಅತಿಯಾಗಿ ಕಿವಿಗೊಟ್ಟರೆ ಓಲಾಟ. ಮೂರನೆಯದನ್ನು ಅತಿಯಾಗಿ ನಂಬಿದರೆ, ನೆಂಟರು ಬಂದ ಒಂದು ದಿನದ ಖರ್ಚಿಗೇ ಬೆದರಿ ಮನೆಮಂದಿಯನ್ನು ಉಪವಾಸ ಕೆಡವಿದಂತಾಗುವುದು. ದೇಶದ ಜಾಲದಲ್ಲಿಯೂ ಹೀಗೆಯೇ. ಪ್ರತಿಯೊಂದು ಯಂತ್ರದ ಗವರ್ನರು ಕೂಡಲೇ ತನ್ನ ಪಾಲಿನಷ್ಟು ಹೆಗಲು ಕೊಟ್ಟು ಆವರ್ತನದ ಬೀಳುವಿಕೆಯನ್ನು ತಡೆಯುವುದು. ಆದರೆ ಪೂರ್ತಿ ೫೦ಕ್ಕೆ ತರುವುದಿಲ್ಲ. ಉಳಿದ ಬಾಕಿಯನ್ನು ನಿಧಾನವಾಗಿ ತೀರಿಸುವ ಕೆಲಸವು ಮೇಲಿನ ನಿಯಂತ್ರಣ ಕೇಂದ್ರಗಳದು. ತೇರನ್ನೆಳೆಯುವಾಗ ಪ್ರತಿಯೊಬ್ಬನೂ ತಾನೇ ತೇರನ್ನು ನೆಲೆಗೆ ಮುಟ್ಟಿಸುವೆನೆಂದು ಹಟ ಹಿಡಿದರೆ ಹಗ್ಗ ಹರಿಯುವುದಲ್ಲವೆ?

೨೦೨೦ನೆಯ ಏಪ್ರಿಲ್ ೫ರ ರಾತ್ರಿ ಒಂಬತ್ತು ಗಂಟೆಗೆ ದೇಶದ ಜನರೆಲ್ಲರೂ ಒಂಬತ್ತು ನಿಮಿಷ ದೀಪವಾರಿಸಿ ಹಣತೆ ಹಚ್ಚಿದುದು ವಾಚಕರ ನೆನಪಿನಲ್ಲಿರಬಹುದು. ಆಗ ಬೇಡಿಕೆಯು ಸುಮಾರು ೩೧,೦೦೦ ಮೆಗಾವಾಟ್‌ಗಳಷ್ಟು ಕುಸಿದು ಮತ್ತೆ ಏರಿತು. ಅಷ್ಟು ಕುಸಿದೀತೆಂದು ಮೊದಲು ಅಂದಾಜು ಮಾಡಿದ್ದಿಲ್ಲ. ಆದರೂ ಆವರ್ತನವು ೪೯.೭೦ಕ್ಕೂ ೫೦.೨೬ಕ್ಕೂ ನಡುವೆಯೇ ನಿಂತಿತು. ನೀರಿನಿಂದ ನಡೆಯುವ ಯಂತ್ರಗಳನ್ನು ಮುಂಚಿತವಾಗಿ ಸಜ್ಜುಮಾಡಿಟ್ಟು, ದೀಪವಾರಿದಂತೆ ತಗ್ಗಿಸಿ, ಹತ್ತಿದಂತೆ ಏರಿಸಿದರು.

ಇಷ್ಟು ಹತೋಟಿಯಾಯಿತು. ಇನ್ನು ಅಳತೆ. ಲಕ್ಷಗಟ್ಟಲೆ ವೋಲ್ಟಿನ ತಂತಿಗೆ ಮೀಟರನ್ನು ನೇರವಾಗಿ ಕಟ್ಟಲಾದೀತೆ? ಆಗದು. ಆದುದರಿಂದ ದೊಡ್ಡ ವೋಲ್ಟೇಜನ್ನು ೧೧೦ ವೋಲ್ಟಿನಷ್ಟು ಸಣ್ಣದು ಮಾಡಿ ಕೊಡುವ ಪಿ. ಟಿ. ಎಂಬುದೂ, ಸಾವಿರಾರು ಆಂಪೇರಿನ ಹರಿವನ್ನು ಒಂದಕ್ಕೋ ಐದಕ್ಕೋ ಇಳಿಸಿ ಕೊಡುವ ಸಿ. ಟಿ. ಎಂಬುದೂ ಇರುವುವು. ಹಳ್ಳಿಗಳಲ್ಲಿ ಟಿ. ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರಿನ ಬಂಧುಗಳೇ ಇವು, ಆದರೆ ಹೊರೆ ಹೊರುವುವಲ್ಲ, ಸುದ್ದಿ ಹೇಳುವುವು. ಸಿ. ಟಿ.ಯ ವಿಷಯದಲ್ಲಿ ಹೊಸಬರಿಗೆ ಮೊದಲ ದಿನವೇ ಹೇಳುವ ಎಚ್ಚರಿಕೆಯೊಂದಿದೆ: ಮುಖ್ಯ ತಂತಿಯಲ್ಲಿ ಕರೆಂಟು ಹರಿಯುತ್ತಿರುವಾಗ ಅದರ ಮೀಟರಿನ ಕಡೆಯ ತಂತಿಯನ್ನು ಬಿಚ್ಚಬಾರದು, ಬಿಚ್ಚಿದರೆ ಆ ತುದಿಯಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜು ಹುಟ್ಟುವುದು. ಸುದ್ದಿ ಹೇಳುವವನ ಬಾಯನ್ನು ಕಟ್ಟಿದರೆ ಅವನೇ ಸಿಡಿದೇಳುವನು.

ಕಾವು, ಒತ್ತಡ, ಎಣ್ಣೆಯ ಮಟ್ಟ ಮುಂತಾದುವನ್ನು ದೂರದ ಕೋಣೆಗೆ ತಿಳಿಸುವುದಕ್ಕೆ ಸಣ್ಣ ವಿದ್ಯುತ್ಪ್ರವಾಹವನ್ನು ದೂತನನ್ನಾಗಿ ಕಳುಹುವರು. ಅತಿ ಕಡಮೆಗೆ ೪, ಅತಿ ಹೆಚ್ಚಿಗೆ ೨೦ ಮಿಲಿ ಆಂಪೇರ್ ಎಂದು ಕಟ್ಟು ಮಾಡಿರುವರು. ಸೊನ್ನೆಯಿಂದ ಆರಂಭಿಸದೆ ನಾಲ್ಕರಿಂದ ಆರಂಭಿಸಿದ್ದೇಕೆ? ಇದು ನಮಗೆ ಬಹಳ ಮೆಚ್ಚಿಕೆಯಾದ ಯುಕ್ತಿ. ಸೊನ್ನೆಯಿಂದ ಆರಂಭಿಸಿದ್ದರೆ, ತೊಟ್ಟಿಯಲ್ಲಿ ಎಣ್ಣೆಯಿಲ್ಲವೆಂಬ ಸುದ್ದಿಗೂ, ಸುದ್ದಿ ತರುವ ತಂತಿಯನ್ನೇ ಇಲಿ ಕಡಿದಿದೆಯೆಂಬುದಕ್ಕೂ ಭೇದ ತಿಳಿಯುತ್ತಿರಲಿಲ್ಲ. ಪರಸ್ಥಳಕ್ಕೆ ಹೋದ ಮಗನು “ವಿಶೇಷವೇನೂ ಇಲ್ಲ” ಎಂದು ಬರೆಯುವುದು ಬೇರೆ, ಪತ್ರವನ್ನೇ ಬರೆಯದಿರುವುದು ಬೇರೆ. ತಾಯಿಯು ಇದನ್ನು ಬಲ್ಲಳು. ನಾಲ್ಕು ಬಂದರೆ ಏನೂ ಇಲ್ಲವೆಂದು ಅರ್ಥ; ಸೊನ್ನೆ ಬಂದರೆ ದೂತನೇ ಇಲ್ಲವೆಂದು ಅರ್ಥ.

ಹತೋಟಿಯೆಂಬುದೂ ರಕ್ಷಣೆಯೆಂಬುದೂ ಎರಡು ಬೇರೆ ಕಾರ್ಯಗಳೆಂಬುದನ್ನು ಕುಕ್ಕರು ಚೆನ್ನಾಗಿ ಕಲಿಸುವುದು. ಮುಚ್ಚಳದ ಮೇಲಿನ ವೆಯ್ಟು ಹಬೆಯ ಒತ್ತಡವನ್ನು ಒಂದು ಮಿತಿಯಲ್ಲಿಟ್ಟು, ಒಳಗಿನ ಕಾವನ್ನು ಸುಮಾರು ೧೨೦ ಡಿಗ್ರಿಯಲ್ಲಿ ನಿಲ್ಲಿಸುವುದು. ಹೆಚ್ಚಾದ ಹಬೆಯನ್ನು ಕೂಗಿ ಹೊರಗೆಡಹುವುದು. ಇದು ದಿನದಿನದ ಹತೋಟಿ. ಪಕ್ಕದಲ್ಲಿ ಸುಮ್ಮನೆ ಕುಳಿತಿರುವ ಸೇಫ್ಟಿ ವಾಲ್ವು ವರ್ಷಗಟ್ಟಲೆ ಏನನ್ನೂ ಮಾಡುವುದಿಲ್ಲ. ವೆಯ್ಟಿನ ಕೊಳವೆಯಲ್ಲಿ ಬೇಳೆ ಸಿಕ್ಕಿಕೊಂಡ ದಿನ ಅದು ಕರಗಿ, ಕುಕ್ಕರು ಸಿಡಿಯದಂತೆ ಕಾಯುವುದು. ಒಂದು ಕೆಟ್ಟಾಗಲೂ ಇನ್ನೊಂದು ಕೆಲಸ ಮಾಡಬೇಕಾದುದರಿಂದ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿರುವರು. ವಿದ್ಯುತ್ ಉಪಕೇಂದ್ರಗಳಲ್ಲಿ ಈ ಎರಡನೆಯ ಕೆಲಸವು ರಿಲೇ ಎಂಬ ಉಪಕರಣದ್ದು. ಸಿ. ಟಿ., ಪಿ. ಟಿ.ಗಳು ತಂದ ಸುದ್ದಿಯನ್ನು ರಿಲೇ ನೋಡುವುದು. ಕೇಡು ಕಂಡರೆ ಬ್ರೇಕರಿಗೆ ಅಪ್ಪಣೆ ಕೊಡುವುದು. ಬ್ರೇಕರು ತಂತಿಯನ್ನು ಕಡಿಯುವುದು. ಈ ಅಪ್ಪಣೆಗೆ ಬೇಕಾದ ಕರೆಂಟನ್ನು ತಂತಿಯಿಂದ ತೆಗೆದುಕೊಳ್ಳುವುದಿಲ್ಲ, ಪಕ್ಕದ ಕೋಣೆಯಲ್ಲಿ ಸಾಲಾಗಿಟ್ಟ ಬ್ಯಾಟರಿಗಳಿಂದ ತೆಗೆದುಕೊಳ್ಳುವರು. ಏಕೆಂದರೆ ಕೇಡು ಬರುವ ಹೊತ್ತಿನಲ್ಲಿಯೇ ತಂತಿಯ ಕರೆಂಟು ಕೈಕೊಡುವುದು. ಉಪಕೇಂದ್ರಕ್ಕೆ ಹೋದವರು ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ನೋಡಿ ಬೆರಗಾಗಿ ಬರುವರು. ಬ್ಯಾಟರಿಯ ಕೋಣೆಯನ್ನು ಇಣಿಕಿ ನೋಡುವವರು ವಿರಳ.

ರಿಲೇಯ ಕಣ್ಣು ಮೋಸಹೋದರೆ ಏನಾಗುವುದೆಂಬುದಕ್ಕೆ ೨೦೧೨ನೆಯ ಜುಲೈ ೩೦, ೩೧ರ ದಿನಗಳು ಸಾಕ್ಷಿ. ಉತ್ತರದ ರಾಜ್ಯಗಳು ಅತಿಯಾಗಿ ವಿದ್ಯುತ್ತನ್ನು ಎಳೆದುಕೊಳ್ಳುತ್ತಿದ್ದಾಗ, ಬೀನಾದಿಂದ ಗ್ವಾಲಿಯರಿಗೆ ಹೋಗುವ ೪೦೦ ಕಿಲೋವೋಲ್ಟಿನ ತಂತಿಯ ಮೇಲೆ ಹೊರೆ ಹೆಚ್ಚಿತು. ತಂತಿಯಲ್ಲಿ ಯಾವ ಕೇಡೂ ಇರಲಿಲ್ಲ. ಆದರೆ ಅತಿಹೊರೆಯನ್ನೇ ರಿಲೇಯು ದೂರದ ಕೇಡೆಂದು ಬಗೆದು ತಂತಿಯನ್ನು ಕಡಿಯಿತು. ಆ ಹೊರೆಯು ಬೇರೆ ತಂತಿಗಳ ಮೇಲೆ ಬಿದ್ದು ಅವೂ ಒಂದರ ಹಿಂದೆ ಒಂದಾಗಿ ಕಡಿದುವು. ಮೊದಲ ದಿನ ಉತ್ತರ ಭಾರತ, ಮರುದಿನ ಉತ್ತರ, ಪೂರ್ವ, ಈಶಾನ್ಯ ಭಾಗಗಳೆಲ್ಲವೂ ಕತ್ತಲೆಯಲ್ಲಿ ಮುಳುಗಿದುವು. ನಮ್ಮ ದಕ್ಷಿಣದ ಜಾಲವು ಆಗ ಉಳಿದವುಗಳೊಡನೆ ಒಂದೇ ತುಯ್ದಾಟದಲ್ಲಿ ಕೂಡಿರಲಿಲ್ಲವಾದುದರಿಂದ ಉಳಿದುಕೊಂಡಿತು. ೨೦೧೩ನೆಯ ಡಿಸೆಂಬರ್ ೩೧ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹಾಕಿದ ೭೬೫ ಕಿಲೋವೋಲ್ಟಿನ ತಂತಿಯ ಮೂಲಕ ಅದೂ ಕೂಡಿಕೊಂಡಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ನಾಡಿ ಒಂದೇ. ಒಬ್ಬರ ಬಲವು ಎಲ್ಲರದಾಗುವುದು. ಒಬ್ಬರ ಜ್ವರವೂ ಎಲ್ಲರದಾಗಬಲ್ಲದು.

ಈಗ ಮತ್ತೆ ಪಾವಗಡಕ್ಕೆ ಹೋಗೋಣ. ಅಲ್ಲಿಯ ಗಾಜಿನ ಹಲಗೆಗಳಲ್ಲಿ ತಿರುಗುವ ಚಕ್ರವೇ ಇಲ್ಲ. ಬಿಸಿಲು ಬಿದ್ದಾಗ ಹುಟ್ಟುವ ನೇರ ಪ್ರವಾಹವನ್ನು ಇನ್ವರ್ಟರುಗಳು ತುಯ್ದಾಡುವ ಪ್ರವಾಹವನ್ನಾಗಿ ಮಾರ್ಪಡಿಸಿ ಜಾಲಕ್ಕೆ ಸೇರಿಸುವುವು. ಸಾಮಾನ್ಯವಾಗಿ ಈ ಇನ್ವರ್ಟರು ಜಾಲದ ನಾಡಿಯನ್ನು ಕ್ಷಣಕ್ಷಣವೂ ಅಳೆದು, ಅದಕ್ಕೆ ಹೆಜ್ಜೆಗೂಡಿಸಿ ನಡೆಯುವಂಥದು. ತಾನೇ ತಾಳ ಹಾಕುವಂಥದಲ್ಲ. ಭಾರವಾದ ಚಕ್ರಕ್ಕೆ ಒಂದು ಗುಣವಿತ್ತು. ಬೀಸುವ ಕಲ್ಲನ್ನು ಜೋರಾಗಿ ತಿರುಗಿಸಿ ಕೈಬಿಟ್ಟರೂ ಎರಡು ಸುತ್ತು ತಾನಾಗಿ ತಿರುಗುವಂತೆ, ಒಂದು ಕಡೆ ಕೇಡಾದರೂ ಕೆಲವು ಕ್ಷಣ ಆವರ್ತನವು ಥಟ್ಟನೆ ಬೀಳದಂತೆ ತಡೆಯುತ್ತಿತ್ತು. ತಿದ್ದುವ ಕೈಗೆ ಅಷ್ಟು ಹೊತ್ತು ದೊರೆಯುತ್ತಿತ್ತು. ಬಿಸಿಲಿನ ಸ್ಥಾವರಗಳು ಹೆಚ್ಚಿದಂತೆ ಈ ಸಾವಕಾಶವು ಕಡಮೆಯಾಗುವುದು. ಆದುದರಿಂದ ಅಳತೆಯು ಹೆಚ್ಚು ಚುರುಕಾಗಿಯೂ ತಿದ್ದುವಿಕೆಯು ಹೆಚ್ಚು ಜಾಣತನದ್ದಾಗಿಯೂ ಇರಬೇಕಾಯಿತು. ಇಂದಿನ ತಜ್ಞರ ತಲೆನೋವುಗಳಲ್ಲಿ ಇದು ದೊಡ್ಡದು.

ಅದರ ಮೇಲೆ ಮೋಡದ ಕಾಟ. ಜಾಲದವರು ದಿನವನ್ನು ಹದಿನೈದು ನಿಮಿಷಗಳಂತೆ ೯೬ ಭಾಗ ಮಾಡಿ, ಪ್ರತಿ ಭಾಗದಲ್ಲಿಯೂ ಎಷ್ಟು ವಿದ್ಯುತ್ತನ್ನು ಕೊಡುವಿರೆಂಬುದನ್ನು ಮುಂಗಡವಾಗಿ ಹೇಳಿರೆಂದು ಕೇಳುವರು. ಪಾವಗಡದ ಬಾನಿನಲ್ಲಿ ಕಾರ್ತಿಯ ಮಳೆಮೋಡವೊಂದು ಹಾದರೆ ಈ ಲೆಕ್ಕ ತಪ್ಪುವುದು. ಆ ಕೊರತೆಯನ್ನು ಮಲೆನಾಡಿನ ನೀರು ತುಂಬಿಕೊಡಬೇಕಾಗಬಹುದು. ಮೋಡವಾದರೋ ಹೇಳದೆ ಬರುವ ನೆಂಟ. ಗ್ರಹಣವು ಹಾಗಲ್ಲ, ಪಂಚಾಂಗದಲ್ಲಿಯೇ ಇದೆ. ಸ್ಥಾವರವು ಪೂರ್ಣಗೊಂಡ ಅದೇ ತಿಂಗಳು, ೨೦೧೯ನೆಯ ಡಿಸೆಂಬರ್ ೨೬ರ ಬೆಳಗ್ಗೆ ಸೂರ್ಯಗ್ರಹಣವಾಯಿತು. ಕಾಸರಗೋಡು ಸೀಮೆಯ ಚೆರುವತ್ತೂರಿನಲ್ಲಿ ಕಂಕಣವಾಗಿಯೂ ನಮ್ಮ ಕಡೆ ಪಾರ್ಶ್ವವಾಗಿಯೂ ಕಾಣಿಸಿತು. ಬಿಸಿಲಿನ ವಿದ್ಯುತ್ತು ಎಷ್ಟು ಹೊತ್ತಿಗೆ ಇಳಿದು ಎಷ್ಟು ಹೊತ್ತಿಗೆ ಏರುವುದೆಂಬುದು ನಿಮಿಷದ ಲೆಕ್ಕದಲ್ಲಿ ಮೊದಲೇ ತಿಳಿದಿದ್ದುದರಿಂದ ಅದಕ್ಕೆ ಸಜ್ಜಾಗಲು ಸಾಧ್ಯವಾಯಿತು. ತಪ್ಪು ಆದ ಮೇಲೆ ತಿದ್ದುವುದು ಒಂದು ಬಗೆ, ಆಗುವ ಮೊದಲೇ ತಿಳಿದು ಎದುರುಗೊಳ್ಳುವುದು ಇನ್ನೊಂದು ಬಗೆ. ಹತೋಟಿಯ ವಿದ್ಯೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಅಧ್ಯಾಯಗಳಿವೆ.

ಧೂಳಿನ ಮಾತನ್ನು ಮುಂದೆ ಹೇಳುವೆವೆಂದಿದ್ದೆವು. ಎಷ್ಟು ಬಿಸಿಲು ಬಿದ್ದಿತ್ತೆಂಬುದನ್ನು ಅಳೆಯುವುದಕ್ಕೆ ಪೈರನೋಮೀಟರ್ ಎಂಬ ಗಾಜಿನ ಗುಮ್ಮಟವುಳ್ಳ ಉಪಕರಣವನ್ನಿಡುವರು. ಬಿದ್ದ ಬಿಸಿಲಿಗೂ ಹುಟ್ಟಿದ ವಿದ್ಯುತ್ತಿಗೂ ಇರುವ ಅನುಪಾತವನ್ನು ನೋಡಿ ಸ್ಥಾವರವು ಸರಿಯಾಗಿ ನಡೆಯುತ್ತಿದೆಯೇ ಎಂಬುದನ್ನು ತಿಳಿಯುವರು. ಹಲಗೆಗಳ ಮೇಲೆ ಧೂಳು ಕುಳಿತರೆ ವಿದ್ಯುತ್ತು ಕಡಮೆಯಾಗಿ ದೋಷವು ಹೊರಬೀಳುವುದು. ಆದರೆ ಗುಮ್ಮಟದ ಮೇಲೂ ಧೂಳು ಕುಳಿತರೆ? ಬಿಸಿಲೇ ಕಡಮೆ ಬಿದ್ದಿತೆಂದು ಉಪಕರಣವು ಹೇಳುವುದು; ಲೆಕ್ಕವು ಸರಿಹೋಗುವುದು; ನಷ್ಟವು ನಷ್ಟವಾಗಿಯೇ ಉಳಿದರೂ ಪುಸ್ತಕದಲ್ಲಿ ಕಾಣಿಸದು. ಕಳ್ಳನೂ ಕಾವಲುಗಾರನೂ ಒಂದಾದಂತೆ ಇದು. ಹಲಗೆ ತೊಳೆಯುವ ಕೈಗೆ ಈ ಒಂದು ಸಂಗತಿ ತಿಳಿದಿದ್ದರೆ, ಮೊದಲು ಗುಮ್ಮಟವನ್ನು ಒರೆಸಿದ್ದಾರೆಯೇ ಎಂದು ಕೇಳುವುದು. ಆ ಪ್ರಶ್ನೆಯನ್ನು ಕೇಳಬಲ್ಲವರೇ ಉಪಕರಣದ ಕೆಲಸಕ್ಕೆ ತಕ್ಕವರು.

ಕೊಳವೆ ಬಾವಿಯುಳ್ಳ ಮನೆಗಳಲ್ಲಿ ಈ ವಿದ್ಯೆಯು ಆಗಲೇ ಗೋಡೆಯ ಮೇಲಿದೆ. ಪಂಪ್‌ಸೆಟ್ಟಿನ ಸ್ಟಾರ್ಟರನ್ನು ನೋಡಿರಿ. ಮೂರು ಫೇಸುಗಳಲ್ಲಿ ಒಂದು ಹೋದರೆ ಮೋಟಾರು ಸುಟ್ಟುಹೋಗುವುದೆಂದು ರೈತರೆಲ್ಲರೂ ಬಲ್ಲರು; ಅದನ್ನು ಗುರುತಿಸಿ ನಿಲ್ಲಿಸುವ ಪ್ರಿವೆಂಟರೂ, ಹೆಚ್ಚು ಕರೆಂಟು ಎಳೆದಾಗ ಕಡಿಯುವ ಓವರ್‌ಲೋಡ್ ರಿಲೇಯೂ ರಕ್ಷಣೆಯ ಬಂಟರು. ಮೂರು ಫೇಸ್ ಕರೆಂಟು ಗೊತ್ತಾದ ಕೆಲವೇ ಗಂಟೆಗಳು ಬರುವುದರಿಂದ, ನಿದ್ದೆಗೆಡುವುದೇಕೆಂದು ಆಟೋ ಸ್ಟಾರ್ಟರನ್ನು ಹಾಕಿಸಿಕೊಳ್ಳುವವರು ಬಹಳ. ಅವರ ಕಷ್ಟವನ್ನು ನಾವು ಅರಿಯೆವೆಂದಲ್ಲ. ಆದರೆ ಒಂದು ಟಿ. ಸಿ.ಯ ಕೆಳಗಿನ ಎಲ್ಲ ಮೋಟಾರುಗಳೂ ಕರೆಂಟು ಬಂದ ಕ್ಷಣದಲ್ಲಿಯೇ ಒಟ್ಟಿಗೆ ಎದ್ದರೆ, ಏಳುವಾಗ ಪ್ರತಿಯೊಂದೂ ಓಡುವಾಗಿನ ಕರೆಂಟಿನ ಐದಾರು ಪಟ್ಟು ಎಳೆಯುವುದರಿಂದ, ಟಿ. ಸಿ.ಯೇ ಸುಟ್ಟು ಎಲ್ಲರ ಬೆಳೆಯೂ ಒಣಗುವುದು. ಒಂದೊಂದು ಸ್ಟಾರ್ಟರಿಗೂ ಬೇರೆ ಬೇರೆ ವಿಳಂಬದ ಕಾಲವನ್ನು ಗೊತ್ತುಮಾಡಿಕೊಂಡರೆ ಈ ಕಷ್ಟವು ಬಹುಮಟ್ಟಿಗೆ ತಪ್ಪುವುದು. ನೆರೆಹೊರೆಯವರು ಕುಳಿತು ಮಾತನಾಡಿಕೊಳ್ಳಬೇಕಾದ ವಿಷಯವಿದು.

ಕಲಿಯುವ ದಾರಿಯೇನೆಂದರೆ, ಹತ್ತನೆಯ ತರಗತಿಯ ಬಳಿಕ ಐ. ಟಿ. ಐ.ಗಳಲ್ಲಿ ಎಲೆಕ್ಟ್ರೀಷಿಯನ್ ಮತ್ತು ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಎಂಬ ಎರಡು ವರ್ಷಗಳ ಶಿಕ್ಷಣಗಳುಂಟು. ಪಾಲಿಟೆಕ್ನಿಕ್‌ಗಳಲ್ಲಿ ಮೂರು ವರ್ಷಗಳ ಡಿಪ್ಲೊಮಾ ಉಂಟು, ಅದನ್ನು ಮುಗಿಸಿದವರು ಎಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಎಲ್ಲ ವಿದ್ಯಾಶಾಲೆಗಳಲ್ಲಿಯೂ ಎಲ್ಲ ಶಾಖೆಗಳಿರುವುದಿಲ್ಲವಾದುದರಿಂದ ವಿಚಾರಿಸಿ ಸೇರಿಸತಕ್ಕದ್ದು. ಹೆಣ್ಣುಮಕ್ಕಳಿಗೆ ಇದು ಒಗ್ಗದೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಕಂಬ ಹತ್ತುವ ಕೆಲಸಕ್ಕಿಂತ ಕಣ್ಣಿಟ್ಟು ನೋಡುವ ಕೆಲಸವೇ ಇದರಲ್ಲಿ ಹೆಚ್ಚು. ಬೀಜಗಣಿತದಲ್ಲಿಯೂ ತ್ರಿಕೋನಮಿತಿಯಲ್ಲಿಯೂ ಕೈ ಗಟ್ಟಿಯಿರಬೇಕು. ಉರುಹೊಡೆದು ತೇರ್ಗಡೆಯಾದವರಿಗೆ ಎರಡನೆಯ ವರ್ಷದಲ್ಲಿ ಕಣ್ಣು ಕತ್ತಲೆ ಬರುವುದು.

ಸೇರುವ ಮೊದಲು ಮಕ್ಕಳಿಗೆ ರುಚಿಯಿದೆಯೇ ಎಂಬುದನ್ನು ಮನೆಯಲ್ಲಿಯೇ ನೋಡಬಹುದು. ಮೀಟರಿನ ಪೆಟ್ಟಿಗೆಯನ್ನಾಗಲಿ ಸ್ಟಾರ್ಟರನ್ನಾಗಲಿ ಬಿಚ್ಚಗೊಡಬೇಡಿರಿ. ಹಿರಿಯರು ಇಸ್ತ್ರಿ ಮಾಡುವಾಗ ಪಕ್ಕದಲ್ಲಿ ಕುಳಿತು, ಪೆಟ್ಟಿಗೆಯ ಪುಟ್ಟ ದೀಪವು ಹತ್ತಿದ ಕಾಲವನ್ನೂ ಆರಿದ ಕಾಲವನ್ನೂ ಗಡಿಯಾರ ನೋಡಿ ಅರ್ಧ ಗಂಟೆಯವರೆಗೆ ಒಂದು ಪುಸ್ತಕದಲ್ಲಿ ಬರೆಯಲಿ. ಒಣ ಬಟ್ಟೆಗೂ, ನೀರು ಚಿಮುಕಿಸಿದ ಹತ್ತಿಯ ಪಂಚೆಗೂ ದೀಪದ ಲಯವು ಹೇಗೆ ಬದಲಾಯಿತೆಂಬುದನ್ನು ಗುರುತಿಸಲಿ. ಆಮೇಲೆ, ಬೆಂಗಳೂರಿನ ಲೋಡ್ ಡಿಸ್‌ಪ್ಯಾಚ್ ಕೇಂದ್ರದವರು ಆವರ್ತನದ ಅಂಕವನ್ನು ಸಾರ್ವಜನಿಕರಿಗೆ ಕಾಣುವಂತೆ ಅಂತರಜಾಲದಲ್ಲಿ ಪ್ರಕಟಿಸುತ್ತಿರುವುದರಿಂದ, ಒಂದು ಭಾನುವಾರ ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಗಂಟೆಗೊಮ್ಮೆ ಅದನ್ನು ನೋಡಿ ಅದೇ ಪುಸ್ತಕದಲ್ಲಿ ಬರೆಯಲಿ. ಪಕ್ಕದಲ್ಲಿ ಆಗ ಬಿಸಿಲಿತ್ತೇ, ಮೋಡವಿತ್ತೇ, ಪಂಪು ನಡೆಯುತ್ತಿತ್ತೇ, ಬೀದಿದೀಪ ಹತ್ತಿತ್ತೇ ಎಂಬುದನ್ನೂ ಬರೆಯಲಿ. ಮರುದಿನ ಯಾರೂ ಹೇಳದೆಯೇ ಆ ಪುಸ್ತಕವನ್ನು ತೆರೆದು, “೪೯.೯೩ ಆದದ್ದೇಕೆ?” ಎಂದು ಕೇಳುತ್ತ ಬಂದರೆ, ಅಂಥ ಮಗುವಿಗೆ ಅರ್ಜಿಯ ಕಾಗದವನ್ನು ತರಿಸಬಹುದು.